ಮಾನಿಟರಿಗೊಂದು ಶಾಲು

ನಮ್ಮ ಮನೆಯಲ್ಲಿ ಮಧ್ಯಾಹ್ನ ಮೂರೂವರೆಯಾಯಿತೆಂದು ತಿಳಿಯಲು ಗಡಿಯಾರ ನೋಡಬೇಕಾಗಿರಲಿಲ್ಲ. ನನ್ನ ಹೆಂಡತಿ ಗಿರಿಜೆಯ ತಲೆಯ ಮೇಲೆ ಶಾಲು ಏರಿತೆಂದರೆ ಮೂರೂವರೆ, ಇಳಿಯಿತೆಂದರೆ ಐದೂವರೆ. ಚಳಿಗಾಲಕ್ಕೆ ಮಾತ್ರ ಅಂದುಕೊಳ್ಳಬೇಡಿ, ವಿಜಯನಗರದ ಡಾಂಬರು ಬೆವರುವ ಏಪ್ರಿಲ್ಲಿನಲ್ಲೂ ಅಷ್ಟೇ. ಕಂಪ್ಯೂಟರಿನ ಮುಂದೆ ಕುಳಿತವಳು ಕುರ್ಚಿಯ ಬೆನ್ನಿಗೆ ನೇತುಹಾಕಿದ್ದ ಶಾಲನ್ನು ಎಳೆದುಕೊಂಡು, ಅದರ ಒಂದು ಅಂಚನ್ನು ಮಾನಿಟರಿನ ನೆತ್ತಿಗೂ ಇನ್ನೊಂದನ್ನು ತನ್ನ ನೆತ್ತಿಗೂ ಹೊದಿಸಿ, ನಡುವೆ ಉಂಟಾದ ಗವಿಯೊಳಗೆ ಮುಖ ತೂರಿಸಿ ಕೆಲಸ ಮುಂದುವರಿಸುತ್ತಿದ್ದಳು. ಹಿಂದೆ ಸ್ಟುಡಿಯೋದಲ್ಲಿ ಫೋಟೋ ತೆಗೆಯುವವರು ಕಪ್ಪು ಬಟ್ಟೆಯೊಳಗೆ ನುಗ್ಗಿ "ರೆಡಿ, ಸ್ಮೈಲ್" ಎನ್ನುತ್ತಿದ್ದರಲ್ಲ, ಥೇಟ್ ಹಾಗೆ. ಮನೆಗೆ ಬಂದವರಿಗೆಲ್ಲ ನಾನು ಈ ದೃಶ್ಯವನ್ನು ಬೆರಳು ಮಾಡಿ ತೋರಿಸಿ, "ಒಳಗೆ ಫೋಟೋ ತೆಗೀತಾ ಇದಾಳೆ, ಅಲ್ಲಾಡಬೇಡಿ" ಎಂದು ನಗಿಸುತ್ತಿದ್ದೆ. ನಗಿಸುವುದರಲ್ಲಿ ನಾನು ಸ್ವಲ್ಪ ನಿಪುಣನೆಂಬ ಭ್ರಮೆ ನನಗೆ ಮೊದಲಿನಿಂದಲೂ ಇದೆ.

ಆ ಶಾಲಿನ ಪೂರ್ವೋತ್ತರವನ್ನೂ ಹೇಳಿಬಿಡಬೇಕು. ಅದು ಅಂಗಡಿಯಿಂದ ತಂದ ಸಾಮಾನ್ಯ ಶಾಲಲ್ಲ, ಸನ್ಮಾನದ ಶಾಲು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಬೋಧಿಸಿ ನಿವೃತ್ತನಾದಾಗ ನಮ್ಮ ಬಡಾವಣೆಯ ಕನ್ನಡ ಸಂಘದವರು ರಾಜ್ಯೋತ್ಸವದ ವೇದಿಕೆಯಲ್ಲಿ ನನ್ನನ್ನು ಕೂರಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೈಗಿತ್ತು, ಈ ಶಾಲನ್ನು ಹೆಗಲಿಗೆ ಹೊದಿಸಿದರು. "ಸನ್ಮಾನಿತರು ಈಗ ಎರಡು ಮಾತಾಡುತ್ತಾರೆ" ಎಂದು ನಿರೂಪಕರು ಹೇಳಿದ್ದೇ ತಡ, ನಾನು ನಲವತ್ತು ನಿಮಿಷ ಮಾತಾಡಿದೆ. ಮುಗಿಸಿ ಕಣ್ತೆರೆದಾಗ ಎದುರಿಗೆ ಉಳಿದಿದ್ದವರು ಗಿರಿಜೆ ಮತ್ತು ಕುರ್ಚಿ ಬಾಡಿಗೆಗೆ ಕೊಟ್ಟವರು. ಪೇಟ ಷೋಕೇಸು ಸೇರಿತು, ಹಣ್ಣು ಅಕ್ಕಪಕ್ಕದ ಮನೆಗಳನ್ನು ಸೇರಿತು, ಶಾಲು ಮಾತ್ರ ಬಹುದಿನ ನಿರುದ್ಯೋಗಿಯಾಗಿದ್ದು ಕೊನೆಗೆ ಗಿರಿಜೆಯ ಕುರ್ಚಿಯಲ್ಲಿ ನೌಕರಿ ಹಿಡಿಯಿತು.

ಗಿರಿಜೆಯ ಕೆಲಸ ಡಿಟಿಪಿ. ಪ್ರಕಾಶಕರು ಕಳಿಸುವ ಹಸ್ತಪ್ರತಿಯನ್ನು ಟೈಪು ಮಾಡಿ, ಪುಟ ಕಟ್ಟಿ, ಅಚ್ಚಿಗೆ ಸಿದ್ಧಪಡಿಸಿ ಕೊಡುವುದು. ಹದಿನೇಳು ವರ್ಷದಲ್ಲಿ ಅವಳ ಕೈಯಿಂದ ಹಾದುಹೋದ ಪುಸ್ತಕಗಳೆಷ್ಟೋ. ಯಾವುದರಲ್ಲೂ ಅವಳ ಹೆಸರಿಲ್ಲ, ಇದ್ದರೆ ಮೂರನೇ ಪುಟದ ತಳದಲ್ಲಿ, ಇರುವೆಯೂ ಬಗ್ಗಿ ಓದಬೇಕಾದಷ್ಟು ಚಿಕ್ಕ ಅಕ್ಷರದಲ್ಲಿ. ಆದರೂ ಹೊಸ ಪುಸ್ತಕ ಮನೆಗೆ ಬಂದ ದಿನ ಅವಳು ಅದನ್ನು ಮೂಸಿ ನೋಡಿ, ಹಾಳೆ ತಿರುವಿ, "ಅಂಚು ಚೆನ್ನಾಗಿ ಬಂದಿದೆ" ಎಂದು ತನಗೆ ತಾನೇ ಹೇಳಿಕೊಳ್ಳುವಾಗ ಆ ಮುಖ ನೋಡಬೇಕು. ನನ್ನ ನಲವತ್ತು ನಿಮಿಷದ ಭಾಷಣದಲ್ಲೂ ನನಗೆ ಅಂಥ ಸುಖ ಸಿಕ್ಕಿರಲಿಲ್ಲ.

ಹೀಗಿರುವಾಗ ಮೊನ್ನೆಯ ಯುಗಾದಿಯ ಹೊತ್ತಿಗೆ ಒಂದು ಪ್ರಮಾದ ನಡೆಯಿತು. ಮಕ್ಕಳ ಕಥೆಗಳ ಪುಸ್ತಕವೊಂದರಲ್ಲಿ ಎರಡು ಪುಟ ಅದಲುಬದಲಾಗಿ, ನರಿಯು ಬಾವಿಗೆ ಬೀಳುವ ಮೊದಲೇ ಬಾವಿಯಿಂದ ಮೇಲೆ ಬಂದುಬಿಟ್ಟಿತು. ಓದಿದ ಮಕ್ಕಳು ಚಕಾರವೆತ್ತಲಿಲ್ಲ, ನರಿಗಳ ವಿಷಯದಲ್ಲಿ ಮಕ್ಕಳು ಉದಾರಿಗಳು. ಪ್ರಕಾಶಕರಿಗೂ ಗೊತ್ತಾಗಿರಲಿಲ್ಲ. ಗಿರಿಜೆಯೇ ಕಂಡುಹಿಡಿದು, ಗಿರಿಜೆಯೇ ಫೋನು ಮಾಡಿ ತಪ್ಪೊಪ್ಪಿಕೊಂಡಳು. ಆ ಸಂಜೆ ಹುರುಳಿಕಾಯಿ ಸೋಸುತ್ತಾ ತಲೆಯೆತ್ತದೆ ಹೇಳಿದಳು: "ಕೈಲಿರೋ ಪುಸ್ತಕ ಮುಗಿಸಿ ಸಾಕು ಮಾಡ್ಬಿಡ್ತೀನಿ ರೀ. ನಾಲ್ಕು ಗಂಟೆ ಆಗೋ ಹೊತ್ತಿಗೆ ಅಕ್ಷರ ಎಲ್ಲ ಕಲಸಿದ ಹಾಗಾಗುತ್ತೆ. ಕಣ್ಣು ಕೈಕೊಡ್ತಾ ಇದೆ."

ನಾನು ನಿವೃತ್ತನಾದ ಮೇಲೆ ಏನಾದೆನೆಂಬುದು ನನಗೆ ಗೊತ್ತು. ಎರಡು ಪತ್ರಿಕೆ ಓದುವುದು, ಮೂರು ಸಲ ಕಾಫಿ ಕೇಳುವುದು, ಗೇಟಿನ ಬಳಿ ನಿಂತು ಹೋಗಿಬರುವ ನೀರಿನ ಟ್ಯಾಂಕರುಗಳನ್ನು ಎಣಿಸುವುದು. ಈ ಮನೆಗೆ ಅಂಥವನು ಒಬ್ಬನೇ ಸಾಕು. ಅವಳನ್ನು ರಾಜಾಜಿನಗರದ ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ದೆ. ಅವರು ಬೆಳಕು ಬಿಟ್ಟು, ಹನಿ ಹಾಕಿ, ಪರೀಕ್ಷೆಯೆಲ್ಲ ಮುಗಿಸಿ, "ಕಣ್ಣಲ್ಲಿ ಏನೂ ದೋಷ ಇಲ್ಲ ಆಂಟಿ, ಕನ್ನಡಕಾನೂ ಸರಿಯಾಗಿದೆ. ನಿಮ್ಮ ಮಾನಿಟರ್ ಹೇಗಿದೆ ನೋಡ್ಕೊಳ್ಳಿ" ಎಂದರು. ಅಷ್ಟು ಸಾಕಾಯಿತು. ಕಣ್ಣಿನ ದೋಷವಲ್ಲವೆಂದ ಮೇಲೆ ಯಂತ್ರದ ದೋಷ, ಯಂತ್ರದ ದೋಷವೆಂದ ಮೇಲೆ ಹೊಸ ಯಂತ್ರ, ಹೊಸ ಯಂತ್ರವೆಂದ ಮೇಲೆ ಅದನ್ನು ಆರಿಸತಕ್ಕವನು ನಾನು! ಕೂತು ಕೆಲಸ ಮಾಡುವವಳನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಹೊಳೆಯದಿರುವುದಕ್ಕೂ ಅಭ್ಯಾಸಬಲ ಬೇಕು, ಮೂವತ್ತಾರು ವರ್ಷದ ಸಂಸಾರದಲ್ಲಿ ಅದನ್ನು ನಾನು ಚೆನ್ನಾಗಿ ಸಂಪಾದಿಸಿದ್ದೇನೆ.

ಅಂದಿನಿಂದ ನನ್ನ ಶೋಧ ಆರಂಭವಾಯಿತು. ಟೇಪು ಹಿಡಿದು ಮೇಜು ಅಳೆದೆ. ಮಾನಿಟರಿನ ಅಳತೆಯನ್ನು ಅಗಲದಲ್ಲೂ ಹೇಳುವುದಿಲ್ಲ, ಎತ್ತರದಲ್ಲೂ ಹೇಳುವುದಿಲ್ಲ, ಮೂಲೆಯಿಂದ ಮೂಲೆಗೆ ಕರ್ಣದಲ್ಲಿ ಹೇಳುತ್ತಾರೆಂಬ ಲೋಕರಹಸ್ಯ ತಿಳಿದು ರೋಮಾಂಚಿತನಾದೆ. ಪಿಕ್ಸೆಲ್ಲು, ಹರ್ಟ್ಸು, ಐಪಿಎಸ್ಸು, ನಿಟ್ಸು ಮುಂತಾದ ಬೀಜಾಕ್ಷರಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಅರ್ಥವಾಗದಿದ್ದರೂ ಮಂತ್ರಕ್ಕೆ ಫಲವುಂಟೆಂಬ ನಂಬಿಕೆಯಿಂದ ಬೆಳಗ್ಗೆ ಸಂಜೆ ಪಠಿಸಿದೆ. ನೋಟ್‌ಬುಕ್ಕು ಬಗಲಲ್ಲಿಟ್ಟುಕೊಂಡು ರಾಜಾಜಿನಗರದ ಅಂಗಡಿಗೆ ಹೋದರೆ, ಗಲ್ಲಾದಲ್ಲಿದ್ದ ನಲವತ್ತರ ಗೃಹಸ್ಥ ದಡಕ್ಕನೆ ಎದ್ದು ನಿಂತ. "ಸಾರ್! ಗೊತ್ತಾಗ್ಲಿಲ್ವಾ? ನಾನು ಸಾರ್, ಕುಮಾರ. ಅಕ್ಷಾಂಶ ರೇಖಾಂಶ ತಪ್ಪು ಹೇಳ್ದೆ ಅಂತ ಬೆಂಚ್ ಮೇಲೆ ನಿಲ್ಲಿಸಿದ್ರಲ್ಲ!" ನನ್ನ ಶಿಷ್ಯರು ನನ್ನನ್ನು ಜ್ಞಾಪಿಸಿಕೊಳ್ಳುವುದು ಯಾವಾಗಲೂ ಇಂಥ ಕೀರ್ತಿಗಳಿಂದಲೇ.

ಅಂಗಡಿಯ ಗೋಡೆಯ ಉದ್ದಕ್ಕೂ ಮಾನಿಟರುಗಳು ಸಾಲಾಗಿ ನಿಂತು, ಎಲ್ಲವೂ ಏಕಕಾಲಕ್ಕೆ ಅದೇ ಗಿಳಿಯನ್ನೂ ಅದೇ ಕತ್ತರಿಸಿದ ಕಿತ್ತಳೆಯನ್ನೂ ತೋರಿಸುತ್ತಿದ್ದವು. ಮೂವತ್ತೆರಡು ಇಂಚಿನದೊಂದು ಪರದೆ ಬಿಲ್ಲಿನಂತೆ ಬಾಗಿತ್ತು. ಅದರಲ್ಲಿ ಗಿಳಿ ಹದ್ದಿನಷ್ಟಿತ್ತು. ನೋಡಿದ ಕೂಡಲೇ ಮನಸೋತೆ. ಬಂದವರು ನೋಡಿ ಬೆರಗಾಗುವುದು, ನಾನು ನೋಟ್‌ಬುಕ್ಕಿನಿಂದ ವಿವರಣೆ ಕೊಡುವುದು ಎಲ್ಲವೂ ಕಣ್ಣ ಮುಂದೆ ಬಂತು.

"ಇದನ್ನೇ ಕೊಡಪ್ಪ" ಎಂದೆ.

"ಸಾರ್, ಇದು ಗೇಮ್ ಆಡೋ ಹುಡುಗರಿಗೆ. ಯಾರಿಗೆ ಸಾರ್, ನಿಮಗಾ?"

"ನಮ್ಮ ಮನೆಯವರಿಗೆ. ಪುಟ ಕಟ್ಟುತ್ತಾರೆ. ಸಾಯಂಕಾಲದ ಹೊತ್ತಿಗೆ ಅಕ್ಷರ ಕಲಸಿದ ಹಾಗೆ ಆಗುತ್ತಂತೆ."

"ಸಾಯಂಕಾಲ ಮಾತ್ರಾನಾ? ಬೆಳಿಗ್ಗೆ ಸರಿಯಾಗಿರುತ್ತಾ?"

ಆ ಪ್ರಶ್ನೆ ನನ್ನ ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಬೆಳಿಗ್ಗೆ ಅವಳು ಕೂರುವುದಾದರೂ ಎಲ್ಲಿ? ತಿಂಡಿ, ಅಡುಗೆ, ಬಟ್ಟೆ, ಮತ್ತು ನನ್ನ ಮೂರು ಕಾಫಿಗಳಲ್ಲಿ ಎರಡು, ಇವೆಲ್ಲ ಮುಗಿದ ಮೇಲೇ ಅವಳಿಗೆ ಕಂಪ್ಯೂಟರಿನ ಯೋಗ. ಕುಮಾರ ಇನ್ನೊಂದು ಕೇಳಿದ: "ಹೋಗ್ಲಿ, ಮೇಡಮ್ ಯಾವ ಕಡೆ ಮುಖ ಮಾಡಿ ಕೂತ್ಕೋತಾರೆ ಸಾರ್?"

ಇದು ನನಗೆ ಗೊತ್ತಿತ್ತು. ಎದೆಯುಬ್ಬಿಸಿ "ಪೂರ್ವಕ್ಕೆ" ಎಂದೆ. ಏಕೆಂದರೆ ಆ ಮೇಜನ್ನು ಇಟ್ಟವನು ನಾನೇ. ಮಹಡಿಯ ಕೋಣೆ ಕಟ್ಟಿಸಿದಾಗ ಕೆಂಗೇರಿಯಿಂದ ಬಂದ ನಮ್ಮಕ್ಕ, "ವಿದ್ಯೆಯ ಕೆಲಸ ಕಣೋ, ಪೂರ್ವಕ್ಕೆ ಮುಖ ಮಾಡಿಯೇ ಕೂರಬೇಕು" ಎಂದು ಅಪ್ಪಣೆ ಕೊಡಿಸಿದ್ದಳು. ವಾಸ್ತುವನ್ನು ನಾನು ನಂಬುವುದಿಲ್ಲ, ತರಗತಿಯಲ್ಲಿ ಸಾಕಷ್ಟು ಗೇಲಿಯನ್ನೂ ಮಾಡಿದ್ದೇನೆ. ಆದರೆ ಇದ್ದರೆ ಇರಲಿ, ನಮ್ಮ ಗಂಟೇನು ಹೋಗಬೇಕು? ಅಕ್ಕ ಅಂದಾಜಿನಲ್ಲಿ ಕೈ ತೋರಿಸಿದ್ದಳು. ಭೂಗೋಳದ ಮೇಷ್ಟ್ರಿಗೆ ಅಂದಾಜು ಸಲ್ಲದಾದ್ದರಿಂದ ನಾನು ದಿಕ್ಸೂಚಿ ಹಿಡಿದು, ಮೊಳಕಾಲೂರಿ, ಮೇಜನ್ನು ಕಿಂಚಿತ್ತೂ ಆಚೀಚೆಯಾಗದಂತೆ ಪೂರ್ವಕ್ಕೆ ನಿಲ್ಲಿಸಿದ್ದೆ.

"ಹಾಗಾದ್ರೆ ಬೆನ್ನ ಹಿಂದೆ ಪಶ್ಚಿಮ. ಆ ಕಡೆ ಕಿಟಕಿ ಇದೆಯಾ ಸಾರ್?" ಎಂದ ಕುಮಾರ. ಇದೆ ಎಂದೆ. ಅವನು ಬೆಂಚಿನ ಮೇಲೆ ನಿಂತಾಗಲೂ ಇಲ್ಲದ ವಿನಯದಿಂದ, "ಸಾರ್, ಬೇಜಾರು ಮಾಡ್ಕೋಬೇಡಿ. ನಾಲ್ಕು ಗಂಟೆಗೆ ಒಂದ್ಸಲ ನೀವೇ ಮೇಡಮ್ ಕುರ್ಚೀಲಿ ಕೂತು ನೋಡಿ. ಆಮೇಲೆ ಬನ್ನಿ, ಮಾನಿಟರ್ ಎಲ್ಲೂ ಓಡಿಹೋಗಲ್ಲ" ಎಂದ. ಕೊಳ್ಳಲು ಬಂದವನನ್ನು ಬರಿಗೈಯಲ್ಲಿ ಕಳಿಸುವ ವ್ಯಾಪಾರಿಯನ್ನು ನಾನು ಕಂಡದ್ದು ಅದೇ ಮೊದಲು. ಬಸ್ಸಿನಲ್ಲಿ ಬರುತ್ತಾ, ಇವನನ್ನು ಇನ್ನೊಂದು ಪೀರಿಯಡ್ ಬೆಂಚಿನ ಮೇಲೆ ನಿಲ್ಲಿಸಬೇಕಾಗಿತ್ತು ಎಂದು ಗೊಣಗಿಕೊಂಡೆ.

ಮರುದಿನ ಮಧ್ಯಾಹ್ನ ಗಿರಿಜೆ ಅತ್ತಿಗುಪ್ಪೆಯಲ್ಲಿರುವ ತಂಗಿಯ ಮನೆಗೆ ಹೋಗಿದ್ದಳು. ನಾಲ್ಕಕ್ಕೆ ಮೇಲೆ ಹತ್ತಿ ಅವಳ ಕುರ್ಚಿಯಲ್ಲಿ ಕುಳಿತೆ. ಒಂಬತ್ತು ವರ್ಷದಿಂದ ಅದೇ ಜಾಗದಲ್ಲಿರುವ ಕುರ್ಚಿ. ಪಕ್ಕದಲ್ಲಿ ನಿಂತು ಕಾಫಿ ಕೇಳಿದ್ದೇನೆ, ಅದರ ಬೆನ್ನಿಗೆ ಒರಗಿ ಕರೆಂಟು ಬಿಲ್ಲಿನ ಬಗ್ಗೆ ಚರ್ಚಿಸಿದ್ದೇನೆ, ಕುಳಿತದ್ದು ಮಾತ್ರ ಅಂದೇ. ಕಂಪ್ಯೂಟರ್ ಹಚ್ಚಿದೆ. ಪರದೆಯ ಮೇಲೆ ಅಕ್ಷರಗಳಿರಲಿಲ್ಲ, ಸೂರ್ಯನಿದ್ದ. ಕಿಟಕಿಗೇನೋ ಪರದೆ ಎಳೆದಿತ್ತು, ಆದರೆ ಅದರ ಮೇಲಿನ ವೆಂಟಿಲೇಟರಿನ ಗಾಜಿನಿಂದ ಪಶ್ಚಿಮದ ಬಿಸಿಲು ನೇರವಾಗಿ ಇಳಿದು ಮಾನಿಟರಿನ ನಡುಮಧ್ಯಕ್ಕೆ ಬಡಿಯುತ್ತಿತ್ತು. ಆ ಬೆಳಕಿನ ಆಚೆ, ನೀರಿನ ತಳದಲ್ಲಿ ಬಿದ್ದ ಕಾಸಿನಂತೆ, ಅಲ್ಲೊಂದು ಇಲ್ಲೊಂದು ಒತ್ತಕ್ಷರ ಕಾಣಿಸಿ ಮಾಯವಾಗುತ್ತಿತ್ತು. ಐದು ನಿಮಿಷಕ್ಕೆ ಕಣ್ಣಲ್ಲಿ ನೀರು ಬಂತು. ಕೈ ತಾನಾಗಿಯೇ ಕುರ್ಚಿಯ ಬೆನ್ನಿಗೆ ಹೋಗಿ ಶಾಲನ್ನು ಹುಡುಕಿತು. ಹೊದ್ದುಕೊಂಡು ಗವಿಯೊಳಗೆ ಮುಖವಿಟ್ಟೆ. ಅಕ್ಷರಗಳೆಲ್ಲ ಬಂದು ಸಾಲಾಗಿ ನಿಂತವು.

ಶಾಲಿನೊಳಗೆ ಸೆಕೆ ಹೇಳತೀರದು. ಬೆವರು ಕಣ್ಣಿಗಿಳಿದು, ಸಾಲಾಗಿ ನಿಂತ ಅಕ್ಷರಗಳು ಮತ್ತೆ ಕಲಸಿಹೋದವು. ಆಗ ಇನ್ನೊಂದು ನೆನಪಾಯಿತು. ಮೊದಲ ವರ್ಷ ಅವಳು ಆ ಗಾಜಿಗೆ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಅಂಟಿಸಿದ್ದಳು. ಬೆಳಕು ಬರಲೆಂದೇ ನಾನು ಹಾಕಿಸಿದ ಗಾಜಿಗೆ ಈ ತೇಪೆಯೇ, ನೋಡಿದವರು ಏನಂದಾರು ಎಂದು, ಸ್ಟೂಲು ಹತ್ತಿ, ನನ್ನ ಕೈಯಾರೆ ಕಿತ್ತು ಹಾಕಿದ್ದೆ. ಅವಳು "ಹೂಂ" ಎಂದಿದ್ದಳು. ಅದಾದ ಮೇಲೆಯೇ ಶಾಲು ಬಂದದ್ದು. ಕುಣಿಯಲಾರದವಳು ನೆಲ ಡೊಂಕು ಎಂದಳೆಂದು ನಾವೆಲ್ಲ ನಗುತ್ತೇವೆ. ಇಲ್ಲಿ ನೆಲವೇ ಡೊಂಕಾಗಿತ್ತು, ಡೊಂಕು ಮಾಡಿದವನು ದಿಕ್ಸೂಚಿ ಹಿಡಿದು ಮಾಡಿದ್ದ, ಕುಣಿಯುವವಳು ಮಾತ್ರ ತನ್ನ ಕಾಲನ್ನೇ ದೂರಿಕೊಂಡಿದ್ದಳು. ಸೂರ್ಯ ಪೂರ್ವದಲ್ಲಿ ಹುಟ್ಟಿ ಪಶ್ಚಿಮದಲ್ಲಿ ಮುಳುಗುತ್ತಾನೆಂದು ಮೂವತ್ತೆರಡು ವರ್ಷ ಪಾಠ ಹೇಳಿದೆ. ಅವನು ಮುಳುಗುವಾಗ ನನ್ನ ಹೆಂಡತಿಯ ಕಣ್ಣಿನ ಮೇಲೆ ಹಾದುಹೋಗುತ್ತಾನೆಂದು ಒಂದು ದಿನವೂ ನೋಡಲಿಲ್ಲ. ಬರೀ ನೋಡದಿದ್ದರೆ ಹೋಗಲಿ, ಅದನ್ನೇ ಹಾಸ್ಯ ಮಾಡಿ ನೆಂಟರನ್ನು ನಗಿಸಿದ್ದೆ. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಅವಳು ಬರುವುದರೊಳಗೆ ಮೇಜನ್ನು ನಾನೊಬ್ಬನೇ ಎಳೆದಾಡಿ, ಸೊಂಟ ಉಳುಕಿಸಿಕೊಂಡು, ಉತ್ತರಕ್ಕೆ ತಿರುಗಿಸಿದೆ. ಈ ಸಲ ದಿಕ್ಸೂಚಿ ಮುಟ್ಟಲಿಲ್ಲ. ಅಕ್ಕನಿಗೆ ಫೋನು ಮಾಡಿ ಅಪರಾಧಿಯಂತೆ ತಿಳಿಸಿದರೆ ಅವಳು, "ಅಯ್ಯೋ, ಉತ್ತರ ಅಂದ್ರೆ ಕುಬೇರನ ದಿಕ್ಕು ಕಣೋ, ಇನ್ನೂ ಒಳ್ಳೇದು. ಬೇಡ ಅಂದೋರ್ಯಾರು?" ಎಂದುಬಿಟ್ಟಳು. ಸಂಜೆ ಮೇಲೆ ಬಂದ ಗಿರಿಜೆ ಬಾಗಿಲಲ್ಲೇ ನಿಂತು ಮೇಜನ್ನೂ, ಗೋಡೆಯ ಮೇಲೆ ಖಾಲಿ ಬಿದ್ದ ಬಿಸಿಲಿನ ಚೌಕವನ್ನೂ, ಸೊಂಟ ಹಿಡಿದುಕೊಂಡ ನನ್ನನ್ನೂ ನೋಡಿದಳು. "ಕೂತಿದ್ರಾ?" ಎಂದಳು. ನಾನು ತಲೆಯಾಡಿಸಿದೆ.

ಮಾನಿಟರು ಹಳೆಯದಾಗಿದ್ದದ್ದೂ ಸುಳ್ಳಲ್ಲ. ಅಂಗಡಿಗೆ ಈ ಸಲ ಅವಳೇ ಮುಂದೆ, ನಾನು ಹಿಂದೆ. ನೋಟ್‌ಬುಕ್ಕು ಮನೆಯಲ್ಲೇ ಉಳಿಯಿತು. ಅವಳು ಬಾಗಿದ ಪರದೆಯತ್ತ ತಿರುಗಿಯೂ ನೋಡದೆ, ಚೀಲದಿಂದ ಪೆನ್‌ಡ್ರೈವ್ ತೆಗೆದು, "ಕುಮಾರ್, ಆ ಗಿಳಿ ತೆಗೆದು ಇದನ್ನ ಹಾಕಿ" ಎಂದಳು. ತಾನು ಕಟ್ಟಿದ ಪುಟವೊಂದು ಪರದೆಗೆ ಬಂತು. ಅಡಿಟಿಪ್ಪಣಿಯ ಅತಿ ಚಿಕ್ಕ ಅಕ್ಷರಗಳನ್ನು ಬಗ್ಗಿ ನೋಡಿದಳು, ಹಿಂದೆ ಸರಿದು ನೋಡಿದಳು, ಗಾಜು ಹೊಳೆಯುತ್ತದೆಯೇ ಎಂದು ಬೀದಿಯ ಬಾಗಿಲ ಕಡೆಗೆ ತಿರುಗಿಸಿ ನೋಡಿದಳು, ಕತ್ತು ನೋಯದ ಎತ್ತರಕ್ಕೆ ಏರಿಸಿ ಇಳಿಸಿದಳು. ಹತ್ತು ನಿಮಿಷದಲ್ಲಿ ಇಪ್ಪತ್ತನಾಲ್ಕು ಇಂಚಿನ, ಹೊಳಪಿಲ್ಲದ, ಯಾರೂ ಬೆರಗಾಗದ ಮಾನಿಟರೊಂದು ಆಯ್ಕೆಯಾಯಿತು. ನಾನು ಮೂರು ವಾರ ಮಾಡಿದ ತಪಸ್ಸು!

ಮಾರನೆಯ ಮಧ್ಯಾಹ್ನ ನಾನೇ ಕಾಫಿ ಮಾಡಿ ಮೇಲೆ ತೆಗೆದುಕೊಂಡು ಹೋದೆ. ಸಕ್ಕರೆ ಹೆಚ್ಚಾಗಿತ್ತೆಂದು ಆಮೇಲೆ ಗೊತ್ತಾಯಿತು. ಗಿರಿಜೆ ಫೋನಿನಲ್ಲಿದ್ದಳು. ಆ ಕಡೆಯವರು ಪ್ರಕಾಶಕರಿರಬೇಕು. "ಇಲ್ಲ ಸಾರ್, ಬಿಡಲ್ಲ. ಮುಂದಿನದೂ ಕಳಿಸಿ. ದಪ್ಪ ಇದ್ರೂ ಪರವಾಗಿಲ್ಲ" ಎನ್ನುತ್ತಿದ್ದಳು. ಗಡಿಯಾರದಲ್ಲಿ ಮೂರೂವರೆ. ಫೋನಿಟ್ಟವಳ ಕೈ ಎಂದಿನಂತೆ ಹಿಂದಕ್ಕೆ ಹೋಗಿ ಶಾಲನ್ನು ಎಳೆಯಿತು, ತಲೆಯವರೆಗೂ ತಂದಿತು, ಅಲ್ಲಿಯೇ ನಿಂತಿತು. ಪರದೆಯ ಮೇಲೆ ಅಕ್ಷರಗಳು ಸ್ಪಷ್ಟವಾಗಿದ್ದವು. ಬಿಸಿಲು ತನ್ನ ಪಾಡಿಗೆ ತಾನು ಪೂರ್ವದ ಗೋಡೆಯ ಮೇಲಿತ್ತು.

ಅವಳು ಎದ್ದು, ಶಾಲನ್ನು ಒಮ್ಮೆ ಕೊಡವಿ, ಎರಡು ಮಡಿಕೆ ಮಾಡಿ, ಕಾಫಿ ಹಿಡಿದು ನಿಂತಿದ್ದ ನನ್ನ ಹೆಗಲಿಗೆ ಹೊದಿಸಿದಳು.

"ಸನ್ಮಾನಿತರು ಈಗ ಎರಡು ಮಾತಾಡ್ತಾರೆ" ಎಂದಳು.

"ತಪ್ಪಾಯ್ತು ಕಣೇ" ಎಂದೆ.

"ಈ ಸಲದ ಭಾಷಣ ಚೆನ್ನಾಗಿತ್ತು ರೀ" ಎಂದು ಲೋಟ ಇಸಿದುಕೊಂಡು, ಪರದೆಯ ಕಡೆ ತಿರುಗಿ ಕುಳಿತಳು.