ಬಜೆಯ ತಟ್ಟೆಯ ಪಕ್ಕದಲ್ಲಿ

ಸಂಜೆ ನಾಲ್ಕು ಇಪ್ಪತ್ತು. ಗಡಿಯಾರದಲ್ಲಿ ಆ ಹೊತ್ತು ಕಣ್ಣಿಗೆ ಬಿದ್ದರೆ ಇವತ್ತಿಗೂ ನನ್ನ ಬೆರಳು ತಾನಾಗಿ ಮೂಗಿನ ಹತ್ತಿರ ಹೋಗುತ್ತದೆ. ಮೂಸಿದರೆ ಸೋಪಿನ ವಾಸನೆ, ಅಷ್ಟೇ. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳ ಅವಸ್ಥೆ ನೋಡಿ.

ನಿನ್ನೆ ಆ ಹೊತ್ತಿಗೆ ಬಾಲ್ಕನಿಯಲ್ಲಿ ಬಿಳಿ ಹೂವಿನ ಪೀಸ್ ಲಿಲಿ ಗಿಡದ ಮುಂದೆ ಕೂತಿದ್ದೆ. ಕುಂಡ ತುಂಬಿ, ಬೇರು ಕೆಳಗಿನ ತೂತಿನಿಂದ ಇಣುಕುತ್ತಿದೆ. ಒಡೆಯಲೇಬೇಕು. ದೊಡ್ಡ ವಿದ್ಯೆಯೇನಲ್ಲ. ಕುಂಡ ಮಗುಚಿ, ಮಣ್ಣು ಉದುರಿಸಿ, ಬೇರಿನ ಸಿಕ್ಕು ಬಿಡಿಸಿ, ಗಡ್ಡೆ ಕೂಡಿರುವಲ್ಲಿ ಒಮ್ಮೆ ಚಾಕು ಆಡಿಸಿದರೆ ಒಂದು ಗಿಡ ಎರಡಾಗುತ್ತದೆ. ಆದರೂ ಎರಡು ವರ್ಷದಿಂದ ಕೈ ಹಾಕಿರಲಿಲ್ಲ.

ಹಿಂದಿನ ಸಲ ಒಡೆದದ್ದು ಅಣ್ಣ ಬೇರೆಯಾಗುವಾಗ. ಹಿಮಾಯತ್‌ನಗರದ ಈ ಮನೆ ಬಿಟ್ಟು, ಹೆಂಡತಿ ಮತ್ತು ಐದು ತಿಂಗಳ ಕೂಸಿನೊಂದಿಗೆ ಊರಿನ ಇನ್ನೊಂದು ತುದಿಯ ಗಚ್ಚಿಬೌಲಿಗೆ ಹೊರಡುವ ತಯಾರಿಯಲ್ಲಿದ್ದ.

“ಮನಿ ಅಂತೂ ಒಡದ್ರಿ, ಗಿಡಾನೂ ಒಡೀರಿ,” ಎಂದಳು ಅವ್ವ. ಅಣ್ಣನ ಹೆಂಡತಿ, ನನ್ನ ವೈನಿ, ನಗಲಿಲ್ಲ.

ಅರ್ಧ ಅವರಿಗೆ, ಅರ್ಧ ನಮಗೆ. ಉಳಿದ ಗಡ್ಡೆಯ ತುಂಡುಗಳನ್ನು, ಕೊಯ್ದ ಗಾಯ ಆರಲೆಂದು ತಟ್ಟೆಯಲ್ಲಿ ಹರಡಿದೆ. ಬಾಲ್ಕನಿಯಲ್ಲಿ ಪಾರಿವಾಳಗಳ ಕಾಟ. ತಟ್ಟೆಯನ್ನು ಅಡುಗೆಮನೆಯ ಕಿಟಕಿಯ ಕಟ್ಟೆಗೆ ತಂದಿಟ್ಟೆ.

ಆ ಕಟ್ಟೆ ಅವ್ವನ ಬಾಲಗುಟ್ಟಿಯ ಜಾಗ. ಬಜೆ, ಜಾಯಿಕಾಯಿ, ಅಳಲೆಕಾಯಿಗಳನ್ನು ಸಾಣೆಕಲ್ಲಿನ ಮೇಲೆ ತೇಯ್ದು ಕೂಸಿನ ನಾಲಿಗೆಗೆ ಸವರುವುದು ನಮ್ಮ ಕಡೆಯ ರೂಢಿ. ಬಜೆಯೂ ಗಡ್ಡೆಯೇ, ಒಣಗಿದರೆ ಗೆಣ್ಣು ಗೆಣ್ಣಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಎರಡು ದಿನದ ಬಿಸಿಲಿಗೆ ನನ್ನ ತುಂಡುಗಳೂ ಹಾಗೆಯೇ ಆಗಿದ್ದವು. ಬಜೆಯ ಘಾಟು ಯಾರಿಗೂ ತಿಳಿಯದೆ ಇರುವುದಿಲ್ಲ. ಅವ್ವನ ಮೂಗು ಮಾತ್ರ ಹಿಂದಿನ ವರ್ಷದ ಜ್ವರದಲ್ಲೇ ಸತ್ತುಹೋಗಿತ್ತು.

ಆ ಸಂಜೆ ನಾಲ್ಕು ಇಪ್ಪತ್ತಕ್ಕೆ, ಅವ್ವ ತೇಯ್ದದ್ದನ್ನು ನಾಲಿಗೆಗೆ ಸವರಿದೊಡನೆ ಕೂಸು ಕಿರುಚಿತು. ಜೊಲ್ಲು ಸುರಿಯಿತು, ತುಟಿ ಊದಿತು, ಆಮೇಲೆ ಅಳುವಿಗೆ ದನಿಯೇ ಬರದಾಯಿತು. ನೀವು ದನಿಯಿಲ್ಲದ ಅಳು ನೋಡಿದ್ದೀರಾ? ಆಟೋದಲ್ಲಿ ಅದರ ಎದೆ ಏಳುವುದನ್ನೇ ನೋಡುತ್ತ ಕೂತಿದ್ದೆ. ಈಗಲೂ ಕಣ್ಣು ಮುಚ್ಚಿದರೆ ಆ ಎದೆ ಒಂದು ಕ್ಷಣ ನಿಲ್ಲುತ್ತದೆ.

ಏನು ಕೊಟ್ಟಿರಿ ಎಂದು ಡಾಕ್ಟರು ಕೇಳಿದಾಗ ಅವ್ವ ಬಜೆ ಎಂದಳು. ನಾನು ಹೊರಡುವಾಗಲೇ ಸಾಣೆಕಲ್ಲಿನ ಮೇಲಿನದನ್ನು ಬೆರಳಿಗೆ ಹಚ್ಚಿ ಮೂಸಿದ್ದೆ, ಬಜೆಯ ಘಾಟಿರಲಿಲ್ಲ; ನನ್ನ ತಟ್ಟೆಯಲ್ಲಿ ಒಂದು ತುಂಡು ಕಡಿಮೆಯಿತ್ತು. ಅದು ಬಜೆಯಲ್ಲ, ಬಾಯಿ ಸುಡುವ ಗಡ್ಡೆಯೆಂದು ಗಿಡದ ಹೆಸರು ಹೇಳಿದೆ. ಲ್ಯಾಟಿನ್ನಿನಲ್ಲಿ ಹೇಳಿದೆ, ಪರೀಕ್ಷೆಗೆ ಕೂತವಳ ಹಾಗೆ. ಅದು ಬಜೆಯ ಪಕ್ಕಕ್ಕೆ ಹೇಗೆ ಬಂತೆಂಬುದನ್ನು ಮಾತ್ರ ಹೇಳಲಿಲ್ಲ. ಅವ್ವನೇ ಬಾಲ್ಕನಿಯಿಂದ ಎತ್ತಿ ತಂದಳೆಂದು ಎಲ್ಲರೂ ತಿಳಿದರು. ತಿಳಿಯಲಿ ಎಂದು ಸುಮ್ಮನಿದ್ದೆ.

ಎರಡು ದಿನಕ್ಕೆ ಕೂಸು ಚೇತರಿಸಿಕೊಂಡಿತು. “ಇನ್ನ ಮ್ಯಾಲೆ ಕೂಸಿನ್ನ ಮುಟ್ಟಬ್ಯಾಡ್ರಿ ಅತ್ತಿ,” ಎಂದಳು ವೈನಿ. ಅವ್ವ ಸಾಣೆಕಲ್ಲು ತೊಳೆದು ಅಟ್ಟಕ್ಕೆ ಹಾಕಿದಳು. ಎರಡು ಹುಟ್ಟುಹಬ್ಬಕ್ಕೆ ಗಚ್ಚಿಬೌಲಿಗೆ ಹೋದೆವು. ಕೂಸು ನನ್ನ ತೊಡೆಯ ಮೇಲೆ, ಅವ್ವನ ಕೈ ಅವಳದೇ ಮಡಿಲಲ್ಲಿ.

ನಿನ್ನೆ ಚಾಕು ಕೆಳಗಿಟ್ಟು ಒಳಗೆ ಹೋದೆ. ಅವ್ವ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು.

“ಅವ್ವಾ, ಆ ತಟ್ಟಿ ಅಲ್ಲಿ ಇಟ್ಟಾಕಿ ನಾನು.”

“ಗೊತ್ತೈತಿ. ಈ ಮೊಣಕಾಲ ತೊಗೊಂಡು ನಾ ಯಾವಾಗ ಬಾಲ್ಕನಿಗೆ ಹೋಗೀನಿ?”

“ಮತ್ತ ಯಾಕ ಹೇಳಲಿಲ್ಲ?”

“ಹೇಳಿದ್ರ ಇಬ್ಬರಿಗೂ ಬಾಗಲಾ ಹಾಕ್ತಿದ್ರು. ಕೂಸಿನ್ನ ಎತ್ತಾಕ ಒಬ್ಬಾಕಿಗಾದರೂ ಬಾಗಲಾ ತೆರದಿರಲಿ ಅಂದೆ.” ಕೈ ನಿಲ್ಲಿಸದೆ ಸೇರಿಸಿದಳು, “ನೀನಾಗೇ ಹೇಳ್ತಿ ಅಂತ ಭಾಳ ದಿನಾ ಕಾದೆ.”

ಅಲ್ಲೇ ನಿಂತು ವೈನಿಗೆ ಫೋನು ಮಾಡಿ ಎಲ್ಲ ಹೇಳಿದೆ. “ಎರಡ ವರ್ಷ ಬೇಕಾತೇನ್ರಿ ನಿಮಗ?” ಎಂದು ಕೇಳಿ ಫೋನು ಇಟ್ಟಳು. ಮತ್ತೆ ಫೋನು ಬರಲಿಲ್ಲ.

ಗಿಡ ಇನ್ನೂ ಒಡೆದಿಲ್ಲ. ನಿನ್ನೆ ರಾತ್ರಿ, ಎರಡು ವರ್ಷದಲ್ಲಿ ಮೊದಲ ಸಲ ಬೆಳಗಿನ ತನಕ ಎಚ್ಚರವಾಗದೆ ನಿದ್ದೆ ಮಾಡಿದೆ. ಅವ್ವ ಈ ಎರಡು ವರ್ಷ ನಿದ್ದೆ ಮಾಡಿದ್ದಳೇ ಎಂದು ಕೇಳುವ ಧೈರ್ಯ ಇನ್ನೂ ಬಂದಿಲ್ಲ.