ಎಡಗಡೆಯ ಹಿಂದಿನ ಚಕ್ರ

ಓಟಕ್ಕೆ ಇನ್ನು ಹತ್ತೇ ನಿಮಿಷ. ಹಳೇ ಕಾರುಗಳು ಸಾಲಾಗಿ ನಿಂತಿವೆ. ಆಗಷ್ಟೇ ಟೀ ಕುಡಿಯುತ್ತಾ ಹರಟೆ ಕೊಚ್ಚುತ್ತಿದ್ದವರೆಲ್ಲ ಈಗ ಸ್ಟೇರಿಂಗ್ ಹಿಡಿದು ಕೂತಿದ್ದಾರೆ. ಮುನೀಶನಿಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿಲ್ಲ.

ಸಾನಮಾವು ಊರಿನ ಈ ಮನುಷ್ಯನಿಗೆ ನಲವತ್ತೇಳು ವಯಸ್ಸು. ಬೆಳಿಗ್ಗೆ ಟೊಮೇಟೊ ತೋಟ, ಆಮೇಲೆ ಹೊಸೂರಿನ ಕಾರ್ಖಾನೆ. ಅಲ್ಲಿ ಇಪ್ಪತ್ತೆರಡು ವರ್ಷದಿಂದ ಒಂದೇ ಕೆಲಸ: ಲಾರಿ ಚಕ್ರದ ಬೋಲ್ಟ್ ಬಿಗಿ ಮಾಡುವುದು, ಬಿಗಿಯಾಯಿತು ಅನ್ನುವುದಕ್ಕೆ ಹಳದಿ ಗೆರೆ ಎಳೆಯುವುದು. ಜೂಜುವಾಡಿಯ ಗುಜರಿಯಿಂದ ಫಿಯಟ್ ಕಾರಿನ ಬರೀ ಮೈ ತಂದು, ಮೂರು ವರ್ಷ ಒದ್ದಾಡಿ ಓಡುವ ಹಾಗೆ ಮಾಡಿದ್ದ. ಊರವರು ನಕ್ಕರು. ನಗಲಿ ಬಿಡಿ! ನಿನ್ನೆಯ ಪರೀಕ್ಷಾ ಸುತ್ತಿನಲ್ಲಿ ಎರಡನೆಯವನಾಗಿ ಬಂದು ಮುಂದಿನ ಸಾಲಿನಲ್ಲೇ ಜಾಗ ಗಿಟ್ಟಿಸಿದ್ದ.

"ಯಾಕ್ಲಾ ಮುನೀಶ, ಇರುವೆ ಬಿಟ್ಕೊಂಡೋನಂಗೆ ಆಡ್ತಿದ್ದೀಯ?" ಎಡಪಕ್ಕದ ಜೀಪಿನಿಂದ ಉದ್ದನಪಲ್ಲಿಯ ನರಸಿಂಹಪ್ಪ ಕೇಳಿದ.

"ಎಡಗಡೆ ಹಿಂದಿನ ಚಕ್ರ ಬಿಗಿ ಮಾಡಿದ್ನಾ ಇಲ್ವಾ ಗ್ಯಾಪ್ಕ ಬರ್ತಿಲ್ಲ ಕಣಣ್ಣೋ. ಆ ಹೊತ್ಗೇ ಮನೆಯೋಳು ಫೋನ್ ಮಾಡ್ಬುಟ್ಲು."

ನರಸಿಂಹಪ್ಪ ಕತ್ತು ಚಾಚಿ ನೋಡಿದ. "ಹಳದಿ ಗೆರೆ ಐತಲ್ಲೋ! ನೀನೇ ಎಳ್ದಿರೋದಲ್ವಾ? ಸುಮ್ಕೆ ಕೂತ್ಕೊ. ಈಗ ಪಾನಾ ಹಿಡಿದ್ರೆ ಆಚೆಗ್ ಹಾಕ್ತಾರೆ."

ನಿಯಮವೇ ಹಾಗಿತ್ತು. ಸಾಲಿಗೆ ಬಂದ ಮೇಲೆ ಕಾರಿಗೆ ಬೋಲ್ಟ್ ಬಿಗಿಯುವ ಪಾನಾ ತಾಕಿಸಿದವನು ಓಟದಿಂದಲೇ ಹೊರಗೆ.

ಗೆರೆ ಇದ್ದರೆ ಬಿಗಿಯಾಗಿದೆ ಎಂದೇ ಅರ್ಥ. ಇಷ್ಟು ವರ್ಷ ಮುನೀಶ ನಂಬಿದ್ದೂ ಅದನ್ನೇ. ಆದರೆ ಬೋಲ್ಟ್ ಜಗ್ಗಿದ್ದು ನೆನಪಿಲ್ಲ, ಗೆರೆ ಎಳೆದದ್ದೂ ನೆನಪಿಲ್ಲ. ಚಕ್ರ ಕಳಚಿದರೆ ತಾನೊಬ್ಬನೇ ಹೋಗುವುದಿಲ್ಲ. ಬೇಲಿಗೆ ಒರಗಿ ಜನ ನಿಂತಿದ್ದಾರೆ, ಹೆಗಲ ಮೇಲೆ ಮಕ್ಕಳನ್ನು ಕೂರಿಸಿಕೊಂಡು.

ಇನ್ನೊಂದು ನಿಮಿಷ ಇದೆ ಅನ್ನುವಾಗ ಇಳಿದೇಬಿಟ್ಟ.

"ಲೇ ಹುಚ್ಚಾ, ಬ್ಯಾಡ ಕಣ್ಲಾ!" ನರಸಿಂಹಪ್ಪ ಕೂಗಿಕೊಂಡ.

ಮುನೀಶ ಪಾನಾ ಹಾಕಿದ. ಮೊದಲ ಬೋಲ್ಟ್ ಬೆರಳಲ್ಲೇ ತಿರುಗುವಷ್ಟು ಸಡಿಲ. ಎರಡನೆಯದೂ ಅಷ್ಟೇ.

ಫಿಯಟ್ಟನ್ನು ಪಕ್ಕಕ್ಕೆ ತಳ್ಳಿಸಿದರು. ಉಳಿದ ಕಾರುಗಳು ಧೂಳೆಬ್ಬಿಸಿಕೊಂಡು ಹೋದವು. ಓಟ ನಡೆಸುತ್ತಿದ್ದ ಚಂದ್ರಲೇಖಾ ಹತ್ತಿರ ಬಂದು, "ಜೀವ ಉಳೀತಲ್ಲಪ್ಪಾ, ಬೇಜಾರು ಮಾಡ್ಕೋಬೇಡ. ಮುಂದಿನ ವರ್ಷ ಬಾ," ಎಂದು ಸಮಾಧಾನ ಹೇಳಿದರು.

"ಓಟ ಹೋದ್ರೆ ಹೋಗ್ಲಿ ಮೇಡಂ," ಎಂದ ಮುನೀಶ. ಬಲಗೈ ಮುಂದೆ ಚಾಚಿದ. "ಬಿಗಿ ಮಾಡ್ದೇನೇ ಈ ಕೈ ಗೆರೆ ಎಳ್ದೈತೆ. ಇಪ್ಪತ್ತೆರಡು ವರ್ಸದಾಗೆ ಇಂಗೆ ಎಷ್ಟು ಲಾರಿಗೆ ಎಳ್ದೈತೋ, ಯಾರಿಗ್ ಗೊತ್ತು?"