ಮೇಲ್ಮನೆಯವರ ತಕರಾರು

ನರ್ಸಿಂಗ್ ಮಸೂದೆಗಳು ವಿಧಾನಮಂಡಲದಲ್ಲಿ ಎಲ್ಲಿಗೆ ಬಂದವು ಎಂದು ನೋಡಿಕೊಂಡು ನರ್ಸ್‌ಗಳ ಸಂಘಕ್ಕೆ ತಿಳಿಸುವುದು ನನ್ನ ಕೆಲಸ. ಒಂದು ದಿನ ಹೊಸಕೋಟೆ ಬಸ್ಸಿನಲ್ಲಿ ಕೂತು ಸಂಘದ ಅಧ್ಯಕ್ಷೆಗೆ ಫೋನು ಮಾಡಿ, "ನಮ್ ನರ್ಸಿಂಗ್‌ದು ಕೆಳಮನೆಯವರು ಒಪ್ಕೊಂಡ್ರು ಮೇಡಂ. ಮೇಲ್ಮನೆಯವರದೇ ತಕರಾರು. ನಾಳೆ ಒಪ್ಪದಿದ್ರೆ ಈ ವರ್ಷ ಆಗಲ್ಲ" ಎಂದೆ.

ಪಕ್ಕದಲ್ಲಿದ್ದ ಸಮೇತನಹಳ್ಳಿಯ ಅಜ್ಜಿ ನನ್ನ ಕೈ ಹಿಡಿದುಕೊಂಡರು. "ಅವ್ರು ಒಪ್ದಿದ್ರೆ ಬಿಡಪ್ಪಾ. ನನ್ ಮೊಮ್ಮಗ ಪಿಲ್ಲಗುಂಪೆ ಫ್ಯಾಕ್ಟ್ರೀಲಿ ಪರ್ಮನೆಂಟು. ನಾವೂ ನರ್ಸ್ ಹುಡುಗೀನೇ ನೋಡ್ತಿದ್ದೀವಿ."

"ಹುಡುಗಿ ಅಲ್ಲಮ್ಮಾ, ಅದು ಕಾನೂನು."

ಅಜ್ಜಿ ಚೀಲದಿಂದ ತಮ್ಮ ಫೋನು ತೆಗೆದರು. "ಲಾಯರಾದ್ರೂ ಪರವಾಗಿಲ್ಲ" ಎಂದು ನನ್ನ ನಂಬರು ಕೇಳಿ ತೆಗೆದುಕೊಂಡರು.

ಮರುದಿನ ಮೇಲ್ಮನೆ ಮಸೂದೆಯನ್ನು ಮುಂದಕ್ಕೆ ಹಾಕಿತು. ಅಜ್ಜಿ ಹಾಗೆ ಮುಂದಕ್ಕೆ ಹಾಕುವವರಲ್ಲ. ಅಷ್ಟರಲ್ಲೇ ಮೊಮ್ಮಗನ ಜಾತಕ ನನ್ನ ವಾಟ್ಸಾಪಿಗೆ ಬಂದು ಕೂತಿತ್ತು.